ಮನೆಯ ಜಾಲಕ್ಕೆ ಐಪಿವಿ6 ವಿಳಾಸ

ಹಳೆಯ ಐಪಿವಿ4 ಪದ್ಧತಿಯಲ್ಲಿ ಅಂತರ್ಜಾಲ ವಿಳಾಸಗಳಿರುವುದು ಸುಮಾರು 430 ಕೋಟಿ ಮಾತ್ರ. ಜಾಗತಿಕ ಸಂಗ್ರಹದ ಕೊನೆಯ ಕಂತು 2011ರ ಫೆಬ್ರುವರಿಯಲ್ಲೇ ಹಂಚಿಹೋಯಿತು. ಹೀಗಾಗಿ ಮನೆಯ ಗಣಕ, ಮೊಬೈಲ್, ಟಿವಿಗಳೆಲ್ಲ ರೌಟರ್‌ನ ಒಂದೇ ವಿಳಾಸದ ಮರೆಯಲ್ಲಿ ಕೆಲಸ ಮಾಡುತ್ತಿವೆ. 128 ಬಿಟ್‌ಗಳ ಐಪಿವಿ6ರಲ್ಲಿ ಈ ಕೊರತೆಯಿಲ್ಲ. ರೌಟರ್‌ನ ಸೆಟ್ಟಿಂಗ್ಸ್‌ನಲ್ಲಿ ಅದನ್ನು ಚಾಲನೆಗೊಳಿಸಿದರೆ, ಸೌಲಭ್ಯವುಳ್ಳ ಸೇವಾ ಸಂಸ್ಥೆ ವಿಳಾಸದ ಮೊದಲ ಭಾಗವನ್ನು ಒದಗಿಸುತ್ತದೆ. ಕೊನೆಯ 64 ಬಿಟ್‌ಗಳನ್ನು ಸಾಮಾನ್ಯವಾಗಿ ಸಾಧನಗಳೇ ರಚಿಸಿಕೊಳ್ಳುತ್ತವೆ. ವಿಳಾಸ 2ರಿಂದ ಆರಂಭವಾದರೆ ಅದು ಹೊರಜಾಲದ್ದು. ‘ಎಫ್‌ಇ80’ ಎಂದಷ್ಟೇ ಕಂಡರೆ ಮನೆಯೊಳಗಿನದು.

ಆದರೆ ಹಳೆಯ ಮರೆ ಇಲ್ಲಿಲ್ಲ. ರೌಟರ್‌ನ ಐಪಿವಿ6 ಫೈರ್‌ವಾಲ್ ನಿಷ್ಕ್ರಿಯವಾಗಿದ್ದರೆ, ಬಾಗಿಲ ಬಳಿಯ ಕ್ಯಾಮೆರಾವನ್ನೂ ಹೊರಗಿನವರು ನೇರವಾಗಿ ಸಂಪರ್ಕಿಸಲು ಯತ್ನಿಸಬಹುದು. ಕೆಲವು ರೌಟರ್‌ಗಳಲ್ಲಿ ಈ ಫೈರ್‌ವಾಲ್‌ನ ಆಯ್ಕೆ ಪ್ರತ್ಯೇಕವಾಗಿರುತ್ತದೆ. ಐಪಿವಿ4ರದು ಚಾಲನೆಯಲ್ಲಿದ್ದ ಮಾತ್ರಕ್ಕೆ ಸಾಲದು.