ಹೆಪ್ಪುಗಟ್ಟಿದ ಕಡಲ ಮೇಲೊಂದು ರಾತ್ರಿ: ಲಿಬ್ಬಿ ರಿಡಲ್ಸ್ ಗೆಲುವಿನ ಮರುಪರಿಶೀಲನೆ

ಅಲಾಸ್ಕಾದ ಇಡಿಟರಾಡ್ ನಾಯಿಬಂಡಿ ಓಟದ ಚರಿತ್ರೆ ಬರೆದವರು 1985ಕ್ಕೆ ಬಂದೊಡನೆ ಸಾಮಾನ್ಯವಾಗಿ ಒಂದೇ ಗಳಿಗೆಯಲ್ಲಿ ನಿಂತುಬಿಡುತ್ತಾರೆ. ಶಾಕ್ಟೂಲಿಕ್ ಎಂಬ ಕಡಲತಡಿಯ ಹಳ್ಳಿಯಿಂದ ಲಿಬ್ಬಿ ರಿಡಲ್ಸ್ ಬಿರುಗಾಳಿಗೆ ಎದುರಾಗಿ ತನ್ನ ಬಂಡಿಯನ್ನು ಹೊರಡಿಸಿದ ಗಳಿಗೆ ಅದು. ಆಕೆಯನ್ನು ಹೊಗಳುವವರು ಅದನ್ನು ಎದೆಗಾರಿಕೆ ಎನ್ನುತ್ತಾರೆ, ಹೊಗಳಲು ಮನಸ್ಸಿಲ್ಲದವರು ಜೂಜು ಎನ್ನುತ್ತಾರೆ. ಮೇಲ್ನೋಟಕ್ಕೆ ಎದುರುಬದುರಾಗಿರುವ ಈ ಎರಡು ಓದುಗಳ ದೋಷ ಒಂದೇ: ಎರಡೂ ಹೊರಟದ್ದನ್ನು ನೋಡುತ್ತವೆ, ಅದಾದ ಕೆಲವು ಗಂಟೆಗಳಲ್ಲಿ ಆಕೆ ಹಿಮಗಟ್ಟಿದ ಕಡಲ ನಡುವೆ ಬಂಡಿ ನಿಲ್ಲಿಸಿದ್ದನ್ನು ಒಂದು ವಾಕ್ಯದಲ್ಲಿ ದಾಟಿಬಿಡುತ್ತವೆ. ಆ ವರ್ಷದ ಗೆಲುವನ್ನು ಅರ್ಥ ಮಾಡಿಕೊಳ್ಳಲು ಇರುವ ಮುಖ್ಯ ಸಾಕ್ಷ್ಯ ಆ ನಿಲುಗಡೆಯೇ ಎಂಬುದು ಈ ಲೇಖನದ ವಾದ.

ಶಾಕ್ಟೂಲಿಕ್‌ನಿಂದ ಓಟದ ಮುಂದಿನ ತಂಗುದಾಣವಾದ ಕೊಯುಕ್‌ಗೆ ಸುಮಾರು 50 ಮೈಲಿ. ದಾರಿಯ ಬಹುಭಾಗ ನಾರ್ಟನ್ ಕೊಲ್ಲಿಯ ಹೆಪ್ಪುಗಟ್ಟಿದ ನೀರಿನ ಮೇಲೆ ಹಾದುಹೋಗುತ್ತದೆ. ಅಲ್ಲಿ ಗಾಳಿಗೆ ಮರೆಯಾಗಲು ಮರವಿಲ್ಲ, ದಿಬ್ಬವಿಲ್ಲ. ದಾರಿಯ ಗುರುತೆಂದರೆ ಹಿಮದಲ್ಲಿ ನೆಟ್ಟ ಕಡ್ಡಿಗಳು ಮಾತ್ರ. ರಿಡಲ್ಸ್ ಒಂದು ಕಡ್ಡಿಯಿಂದ ಮುಂದಿನ ಕಡ್ಡಿಗೆ ಸಾಗುತ್ತ, ಕತ್ತಲಾಗಿ ಗುರುತು ಕಾಣದಾದಾಗ ನಾಯಿಗಳನ್ನು ನಿಲ್ಲಿಸಿ, ಬಂಡಿಯ ಮೇಲಿನ ದಪ್ಪಬಟ್ಟೆಯ ಚೀಲದೊಳಗೆ ಸೇರಿಕೊಂಡು, ಒದ್ದೆಯಾದ ಬಟ್ಟೆ ಬದಲಿಸಿ, ರಾತ್ರಿಯನ್ನು ಅಲ್ಲೇ ಕಳೆದರು. ಈ ವಿವರ 1988ರಲ್ಲಿ ಟಿಮ್ ಜೋನ್ಸ್ ಜೊತೆ ಅವರು ಬರೆದ ಪುಸ್ತಕದಲ್ಲಿದೆ. ಗೆದ್ದವರು ಮೂರು ವರ್ಷದ ನಂತರ ಬರೆದದ್ದನ್ನು ಹಾಗೆಯೇ ನಂಬಬಾರದು ಎಂಬ ಆಕ್ಷೇಪವನ್ನು ನಾನು ಒಪ್ಪುತ್ತೇನೆ. ಆದರೆ ನಿಲುಗಡೆಯನ್ನು ಸ್ಥಾಪಿಸಲು ಅವರ ಮಾತೇ ಬೇಕಿಲ್ಲ. ಒಳ್ಳೆಯ ನಾಯಿಗಳು ಒಳ್ಳೆಯ ಹವೆಯಲ್ಲಿ ಒಂದು ಇರುಳಿಗೂ ಕಡಿಮೆ ಹೊತ್ತಿನಲ್ಲಿ ಮುಗಿಸುವ ದಾರಿ ಅದು. ಹಗಲು ಇಳಿಯುವ ಮುನ್ನ ಹೊರಟ ಆಕೆ ಕೊಯುಕ್ ತಲುಪಿದ್ದು ಇಡೀ ರಾತ್ರಿ ಕಳೆದು ಮರುದಿನ. ನಡುವಿನ ಅಷ್ಟು ದೀರ್ಘ ಕಾಲಕ್ಕೆ ಲೆಕ್ಕ ಕೊಡಬೇಕಾದರೆ ಎಲ್ಲೋ ನಿಂತಿದ್ದರೆಂದೇ ಹೇಳಬೇಕಾಗುತ್ತದೆ.

ನಿಂತದ್ದು ನಿಜವಾದರೆ ಜೂಜಿನ ವಾದಕ್ಕೆ ನೆಲೆ ಉಳಿಯುವುದಿಲ್ಲ. ಇದ್ದದ್ದೆಲ್ಲವನ್ನೂ ಪಣಕ್ಕಿಟ್ಟವರು ಗುರುತು ಕಾಣದ ಕತ್ತಲಲ್ಲೂ ನಾಯಿಗಳನ್ನು ಅಟ್ಟುತ್ತಿದ್ದರು, ಇಲ್ಲವೇ ಹೆದರಿ ಹಳ್ಳಿಗೆ ತಿರುಗುತ್ತಿದ್ದರು. ರಿಡಲ್ಸ್ ಎರಡನ್ನೂ ಮಾಡಲಿಲ್ಲ. ಇಲ್ಲೊಂದು ಸೂಕ್ಷ್ಮವಾದ ಆಕ್ಷೇಪವಿದೆ: ಹಿಮದ ಮೇಲೆ ಮಲಗಿ ಕಳೆಯುವ ರಾತ್ರಿಯನ್ನು ಶಾಕ್ಟೂಲಿಕ್‌ನಲ್ಲೇ ಬೆಚ್ಚಗೆ ಕಳೆಯಬಹುದಿತ್ತಲ್ಲ, ಲಾಭವೇನು ಬಂತು? ಉತ್ತರ ನಾಯಿಗಳ ಮೈಯಲ್ಲಿದೆ. ಬಂಡಿ ಎಳೆಯುವ ಉತ್ತರದ ನಾಯಿ ಬಿರುಗಾಳಿಯಲ್ಲಿ ಸುರುಳಿ ಸುತ್ತಿಕೊಂಡು, ಬಾಲದಿಂದ ಮೂಗು ಮುಚ್ಚಿ ಮಲಗುತ್ತದೆ; ಮೇಲೆ ಬಿದ್ದ ಹಿಮ ಗಾಳಿಯನ್ನು ತಡೆದು ಮೈಯ ಶಾಖ ಉಳಿಸುತ್ತದೆ. ಅಂದರೆ ನಾಯಿಗಳಿಗೆ ಹೇಗೂ ಬೇಕಾಗಿದ್ದ ವಿಶ್ರಾಂತಿಯನ್ನು ರಿಡಲ್ಸ್ ಹಲವು ಮೈಲಿ ಮುಂದೆ ಹೋಗಿ ಕೊಟ್ಟರು. ಆ ರಾತ್ರಿ ಶಾಕ್ಟೂಲಿಕ್‌ನಲ್ಲೇ ತಂಗಿದ್ದ ಉಳಿದವರು ಬೆಳಿಗ್ಗೆ ಶೂನ್ಯದಿಂದ ದಾರಿ ಸವೆಸಬೇಕಾಗಿದ್ದಾಗ ಆಕೆಯ ದಾರಿಯ ಒಂದು ಪಾಲು ಮುಗಿದಿತ್ತು. ಓಟ ಮುಗಿಯುವ ನೋಮ್‌ನಲ್ಲಿ ಎರಡನೆಯವರಾಗಿ ಬಂದ ಡ್ಯೂಯಿ ಹಾಲ್ವರ್ಸನ್‌ರಿಗೂ ಆಕೆಗೂ ಇದ್ದ ಅಂತರ ಸುಮಾರು ಮೂರು ಗಂಟೆ. ಸಾವಿರ ಮೈಲಿ ಮೀರಿದ ಓಟದಲ್ಲಿ ಇಷ್ಟೇ ಅಂತರ ಉಳಿದಿರುವಾಗ ಆ ರಾತ್ರಿಯ ಪಾಲನ್ನು ಕಡೆಗಣಿಸುವುದು ಲೆಕ್ಕಕ್ಕೆ ಒಪ್ಪುವ ಮಾತಲ್ಲ.

ಅದೃಷ್ಟದ ವಾದ ಹಿಡಿದವರು ಇನ್ನೆರಡು ಸಂಗತಿಗಳನ್ನು ಮುಂದಿಡುತ್ತಾರೆ. ಮೊದಲನೆಯದು, ಗೆಲ್ಲುವರೆಂದು ಹಲವರು ನಿರೀಕ್ಷಿಸಿದ್ದ ಸೂಸನ್ ಬುಚರ್ ಅವರ ನಾಯಿಗಳ ಮೇಲೆ ಮೂಸ್ ಕಡವೆಯೊಂದು ಎರಗಿ, ಎರಡು ನಾಯಿಗಳು ಸತ್ತು ಹಲವು ಗಾಯಗೊಂಡು, ಅವರು ಆರಂಭದಲ್ಲೇ ಹಿಂದೆ ಸರಿಯಬೇಕಾಯಿತು. ಇದು ನಿಜ, ದುಃಖದ ಸಂಗತಿಯೂ ಹೌದು. ಆದರೆ ಅದಾಗಲೇ ನಾಲ್ಕು ಬಾರಿ ಗೆದ್ದಿದ್ದ ರಿಕ್ ಸ್ವೆನ್ಸನ್ ಕಣದಲ್ಲೇ ಇದ್ದರು; ಒಬ್ಬರ ಗೈರು ಉಳಿದೆಲ್ಲರಿಗೂ ಸಮಾನವಾಗಿ ದಾರಿ ತೆರೆದಿತ್ತು. ಎರಡನೆಯದು, ವಿಮಾನಗಳು ಹಾರಲಾಗದೆ ನಾಯಿಗಳ ಆಹಾರ ತಲುಪದ ಕಾರಣ ಆ ವರ್ಷ ಓಟವನ್ನು ಎರಡು ಬಾರಿ ತಡೆಹಿಡಿಯಲಾಯಿತು. ಹಿಂದಿನ ವರ್ಷ 12 ದಿನ ಚಿಲ್ಲರೆಯಲ್ಲಿ ಮುಗಿದಿದ್ದ ಓಟ ಈ ಸಲ 18 ದಿನ ದಾಟಲು ಇದೂ ಒಂದು ಮುಖ್ಯ ಕಾರಣ. ಆ ತಡೆಯೂ ಎಲ್ಲರಿಗೂ ಒಂದೇ. ಬದುಕಿ ಬಂದರೆಂದು ಜಾಣತನ ಎನ್ನುತ್ತೀರಿ, ಸತ್ತಿದ್ದರೆ ಹುಚ್ಚುತನ ಎನ್ನುತ್ತಿದ್ದಿರಿ ಎಂಬ ಮಾತನ್ನು ಮಾತ್ರ ಹಗುರವಾಗಿ ತಳ್ಳಲಾಗದು. ಹೊರಟ ನಿರ್ಧಾರವನ್ನಷ್ಟೇ ಹೊಗಳುವವರ ಬಳಿ ಅದಕ್ಕೆ ಉತ್ತರವಿಲ್ಲ. ನಾನು ಆಧರಿಸಿರುವುದು ನಿಂತ ನಿರ್ಧಾರವನ್ನು. ಅದನ್ನು ಮಾಡಿದಾಗ ಫಲ ಯಾರಿಗೂ ತಿಳಿದಿರಲಿಲ್ಲ.

ಇದೇ ಕೊಲ್ಲಿಯ ಹಿಮವನ್ನು 1925ರಲ್ಲಿ ನೋಮ್‌ನ ಗಂಟಲಮಾರಿ ರೋಗಿಗಳಿಗಾಗಿ ಔಷಧ ಹೊತ್ತು ದಾಟಿದ ಲಿಯೊನಾರ್ಡ್ ಸೆಪ್ಪಾಲರಿಗೆ ರಿಡಲ್ಸ್‌ರನ್ನು ಹೋಲಿಸುವ ರೂಢಿಯಿದೆ. ಜಾಗ ಒಂದೇ, ಕೆಲಸ ಬೇರೆ. ಸೆಪ್ಪಾಲ ಎದುರಿಗೆ ಸಾಯುತ್ತಿರುವ ಮಕ್ಕಳಿದ್ದರು. ಅವರು ರಾತ್ರಿಯಲ್ಲೂ ನಿಲ್ಲದೆ ಹಿಮ ದಾಟಿದರು. ರಿಡಲ್ಸ್‌ರದು ಕಾಯುವ ವಿದ್ಯೆ. ಆ ವಿದ್ಯೆ ಎಲ್ಲಿ ಕಲಿತದ್ದೆಂದು ಕೇಳಿದವರು ಕಡಿಮೆ. 1980 ಮತ್ತು 1981ರ ಓಟಗಳಲ್ಲಿ ಹದಿನೆಂಟನೆಯ ಮತ್ತು ಇಪ್ಪತ್ತನೆಯ ಸ್ಥಾನ ಪಡೆದ ನಂತರ ಆಕೆ ಬೇರಿಂಗ್ ಕಡಲತೀರದ ಟೆಲ್ಲರ್‌ನಲ್ಲಿ ನೆಲೆಸಿ, ಇನುಪಿಯಾಕ್ ಜನಾಂಗದ ಜೋ ಗಾರ್ನಿ ಜೊತೆ ನಾಯಿಗಳನ್ನು ಸಾಕಿದರು. 1984ರಲ್ಲಿ ಗಾರ್ನಿ ಮೂರನೆಯವರಾಗಿ ಬಂದಿದ್ದರು. ಆಕ್ಸಲ್, ಡುಗನ್ ಎಂಬ ರಿಡಲ್ಸ್‌ರ ಮುಂದಾಳು ನಾಯಿಗಳಿಗೆ ಕಡಲ ಗಾಳಿ ಹೊಸದಲ್ಲ. ಅದು ಅವುಗಳ ಮನೆಯ ಹವೆ. ಗೆದ್ದ ಮೊದಲ ಮಹಿಳೆ ಎಂಬ ಕೀರ್ತಿ ಸಲ್ಲಬೇಕಾದದ್ದೇ, ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಆ ಕೀರ್ತಿಯ ಬೆಳಕಿನಲ್ಲಿ ಟೆಲ್ಲರ್ ಮರೆಯಾಗಿದೆ. ಅದೇ ವರ್ಷ ನಾಯಿಗಳ ಆರೈಕೆಗೆ ಸಲ್ಲುವ, ಸೆಪ್ಪಾಲ ಹೆಸರಿನ ಪ್ರಶಸ್ತಿಯೂ ಆಕೆಗೇ ಬಂದದ್ದನ್ನು ಚರಿತ್ರೆಕಾರರು ಕೊನೆಯಲ್ಲಿ ಸೇರಿಸುವ ಒಂದು ಸಾಲಾಗಿ ಉಳಿಸಿದ್ದಾರೆ. ಗೆಲುವನ್ನೂ ಆ ಪ್ರಶಸ್ತಿಯನ್ನೂ ಒಟ್ಟಿಗಿಟ್ಟು ನೋಡಬೇಕು: ಹಿಮದಲ್ಲಿ ಹುದುಗಿ ಮಲಗಿದ್ದ ನಾಯಿಗಳು ಮರುದಿನ ಎದ್ದು ಎಳೆಯಬಲ್ಲವಾಗಿದ್ದರಿಂದಲೇ ಆಕೆ ಕೊಯುಕ್ ಕಂಡರು.