"ಊರಿಕೇ ಇಸ್ತಾರಂಟ": ಜೂಜಿನ ಕೂಪನ್ನಿನ ಒಂದು ಚರಿತ್ರೆ

ಗೋವಾದ ಕ್ಯಾಸಿನೋ ಹಡಗುಗಳಲ್ಲಿ ಟಿಕೆಟ್ಟಿನ ಜೊತೆ ಒಂದು ಕೂಪನ್ನು ಕೊಡುತ್ತಾರೆ. "ಇಷ್ಟು ರೂಪಾಯಿಯ ಆಟ ಉಚಿತ" ಅಂತ. ಇದೇನೋ ಈಚಿನ ಕಾಲದ ಉಪಾಯ, ಪರದೇಶದಿಂದ ಬಂದದ್ದು ಅನ್ನುವವರೇ ಜಾಸ್ತಿ. ಆದರೆ ಕೂಪನ್ನಿನ ಆಸೆ ತೋರಿಸಿ ಜೂಜಾಡಿಸುವ ದೊಡ್ಡ ವ್ಯಾಪಾರವೊಂದು 1950ರ ದಶಕದ ಆರಂಭದಲ್ಲಿ ನಮ್ಮ ಹಳೇ ಮೈಸೂರು ರಾಜ್ಯದಲ್ಲೇ, ಬೆಂಗಳೂರಿನಲ್ಲೇ ಕೂತು ನಡೆದಿತ್ತು. ಅದು ಸುಪ್ರೀಂ ಕೋರ್ಟಿನವರೆಗೂ ಹೋಯಿತು. ರೇಷ್ಮೆ ಗೂಡಿನ ಊರಾದ ನಮ್ಮ ಶಿಡ್ಲಘಟ್ಟಕ್ಕೂ ಇದಕ್ಕೂ ಏನು ಸಂಬಂಧ ಅಂತೀರಾ? ಅಲ್ಲಿಗೇ ಬರ್ತೀನಿ, ಸ್ವಲ್ಪ ತಾಳ್ಮೆ ಇರಲಿ.

ಆರ್.ಎಂ.ಡಿ. ಚಮರ್‌ಬಾಗ್‌ವಾಲಾ ಅಂತ ಒಬ್ಬರು. ಅವರ ಕಂಪನಿಯ ಹೆಸರು ಆರ್.ಎಂ.ಡಿ.ಸಿ. ಕಂಪನಿ ಮೈಸೂರು ರಾಜ್ಯದಲ್ಲಿ ನೋಂದಣಿಯಾದದ್ದು. 'ದಿ ಸ್ಪೋರ್ಟಿಂಗ್ ಸ್ಟಾರ್' ಅನ್ನೋ ವಾರಪತ್ರಿಕೆ ಬೆಂಗಳೂರಿನಲ್ಲಿ ಅಚ್ಚಾಗಿ ಮುಂಬಯಿ ಪ್ರಾಂತ್ಯದಲ್ಲೆಲ್ಲ ಮಾರಾಟವಾಗುತ್ತಿತ್ತು. ಅದರಲ್ಲಿ ಬಹುಮಾನದ ಪದಬಂಧ. ಪತ್ರಿಕೆಯಲ್ಲಿನ ಕೂಪನ್ ಕತ್ತರಿಸಿ, ತುಂಬಿ, ಪ್ರವೇಶ ಶುಲ್ಕದ ಜೊತೆ ಕಳಿಸಬೇಕು. ಕೂಪನ್ನಿಗೆ ಬೇರೆ ದುಡ್ಡಿಲ್ಲ, ಪತ್ರಿಕೆ ಕೊಂಡರೆ ಬಂದೇ ಬಂತು!

ಪದಬಂಧ ಅಂದರೆ ಜಾಣತನದ ಆಟ, ಅದನ್ನು ಜೂಜು ಅಂದರೆ ಹೇಗೆ? ಕಿತಾಪತಿ ಇರುವುದು ಅಲ್ಲೇ. ಸುಳಿವಿಗೆ ಎರಡೆರಡು ಪದ ಸಮನಾಗಿ ಹೊಂದುತ್ತಿದ್ದವು. ಕನ್ನಡದಲ್ಲಿ ನಾನೇ ಒಂದು ಮಾಡಿ ತೋರಿಸ್ತೀನಿ. "ಇದಕ್ಕಾಗಿ ಯುದ್ಧಗಳೇ ನಡೆದಿವೆ", ಉತ್ತರದ ಎರಡನೇ ಅಕ್ಷರ "ಣ್ಣು". ಮಣ್ಣೋ, ಹೆಣ್ಣೋ? ಎರಡೂ ಸರಿ ತಾನೆ. ಆದರೆ ಬಹುಮಾನ ಬರುವುದು ಸರಿಯಾದ ಉತ್ತರಕ್ಕಲ್ಲ, ಅವರು ಮೊದಲೇ ಮುದ್ರೆ ಹಾಕಿ ಎತ್ತಿಟ್ಟಿರುವ ಉತ್ತರಕ್ಕೆ. ಇಂಥ ಹತ್ತು ಸುಳಿವುಗಳಿದ್ದರೆ ಎಷ್ಟು ಬಗೆಯಲ್ಲಿ ತುಂಬಬಹುದು ಲೆಕ್ಕ ಹಾಕಿ. ಎರಡನ್ನು ಹತ್ತು ಸಲ ಗುಣಿಸಿದರೆ 1,024. ನಿಘಂಟನ್ನೇ ಬಾಯಿಪಾಠ ಮಾಡಿದ ಪಂಡಿತರಿಗೂ, ಕಣ್ಣುಮುಚ್ಚಿ ತುಂಬಿದವರಿಗೂ ಸಾವಿರದಲ್ಲಿ ಒಂದರಷ್ಟೇ ಅವಕಾಶ.

ಮುಂಬಯಿ ಸರ್ಕಾರಕ್ಕೆ ಹೊಟ್ಟೆ ಉರಿ. ಆಡುವವರು ತನ್ನ ಜನ, ಆಡಿಸುವವರು ಮೈಸೂರಿನವರು. ಮೈಸೂರು 1951ರಲ್ಲಿ ಲಾಟರಿ ಮತ್ತು ಬಹುಮಾನ ಸ್ಪರ್ಧೆಗಳಿಗೆ ತನ್ನದೇ ಕಾಯ್ದೆ ಮಾಡಿ, ಲೈಸೆನ್ಸ್ ಕೊಟ್ಟು ತೆರಿಗೆ ತಗೋತಿತ್ತು. ಮುಂಬಯಿಯವರು ತಮ್ಮ 1948ರ ಕಾಯ್ದೆಗೆ 1952ರಲ್ಲಿ ತಿದ್ದುಪಡಿ ತಂದು, ಹೊರಗೆ ಅಚ್ಚಾಗಿ ತಮ್ಮಲ್ಲಿಗೆ ಬರುವ ಪತ್ರಿಕೆಯ ಸ್ಪರ್ಧೆಗಳನ್ನೂ ಹಿಡಿದರು. ಕಂಪನಿ ಕೋರ್ಟಿಗೆ ಹೋಯಿತು. 9 ಏಪ್ರಿಲ್ 1957ರಂದು ಮುಖ್ಯ ನ್ಯಾಯಮೂರ್ತಿ ಎಸ್.ಆರ್. ದಾಸ್ ಅವರ ಪೀಠ ತೀರ್ಪು ಕೊಟ್ಟಿತು. ಜೂಜು ವ್ಯಾಪಾರವೇ ಅಲ್ಲ, ಹಾಗಾಗಿ ವ್ಯಾಪಾರಕ್ಕೆ ಸಂವಿಧಾನ ಕೊಟ್ಟ ರಕ್ಷಣೆ ಅದಕ್ಕಿಲ್ಲ ಅಂತ. ಋಗ್ವೇದದಲ್ಲಿ ಜೂಜುಗಾರ ಅಳುವ ಸೂಕ್ತದಿಂದ ಹಿಡಿದು ಮಹಾಭಾರತದವರೆಗೆ ಆ ತೀರ್ಪಿನಲ್ಲಿ ಉಲ್ಲೇಖ ಇದೆ. ಅದಕ್ಕೂ ಮೊದಲೇ, ಕೇಂದ್ರದ 1955ರ ಬಹುಮಾನ ಸ್ಪರ್ಧೆ ಕಾಯ್ದೆ ತಿಂಗಳಿಗೆ ಒಟ್ಟು ಬಹುಮಾನ ಸಾವಿರ ರೂಪಾಯಿ, ಪ್ರವೇಶಗಳು ಎರಡು ಸಾವಿರ ದಾಟಬಾರದು ಅಂತ ಕಟ್ಟು ಹಾಕಿತ್ತು. ಸಾವಿರ ರೂಪಾಯಿ ಬಹುಮಾನಕ್ಕೆ ಯಾರು ಪತ್ರಿಕೆ ನಡೆಸ್ತಾರೆ? ಕೂಪನ್ ರಾಜ್ಯ ಮುಗಿಯಿತು.

ಅಂದ ಹಾಗೆ, ನಮ್ಮ ಆದಾಯ ತೆರಿಗೆ ಕಾನೂನಿನಲ್ಲಿ ಜೂಜಿನ ಗೆಲುವಿನ ಪಟ್ಟಿ ನೋಡಿ. ಲಾಟರಿ, ಕುದುರೆ ರೇಸ್, ಇಸ್ಪೀಟಿನ ಪಕ್ಕದಲ್ಲಿ ಪದಬಂಧವೂ ಪಾಪ ಕೂತಿರುತ್ತೆ. ಭಾನುವಾರದ ಪುರವಣಿಯಲ್ಲಿ ಪೆನ್ಸಿಲ್ ಹಿಡಿದು ಕೂರುವ ನಿವೃತ್ತ ಮೇಷ್ಟ್ರುಗಳು ಹೆದರಬೇಕಾಗಿಲ್ಲ :)

ಮಹಾಭಾರತದ ಮಾತು ಬಂತಲ್ಲ, ಒಂದು ಸಣ್ಣ ಅಡ್ಡದಾರಿ. ಧರ್ಮರಾಯ ಎಲ್ಲ ಸೋತ ಮೇಲೆ ಧೃತರಾಷ್ಟ್ರ ದ್ರೌಪದಿಗೆ ವರ ಕೊಟ್ಟು ರಾಜ್ಯ, ಕೋಶ ಎಲ್ಲ ವಾಪಸ್ ಕೊಟ್ಟುಬಿಡುತ್ತಾನೆ. ಸೋತದ್ದು ಪೂರ್ತಿ ಮಾಫಿ! ಪಾಂಡವರು ಊರು ಮುಟ್ಟುವ ಮೊದಲೇ "ಇನ್ನೊಂದು ಆಟ" ಅಂತ ಕರೆ ಬರುತ್ತೆ. ಹೋಗ್ತಾನೆ, ಸೋಲ್ತಾನೆ, ಹನ್ನೆರಡು ವರ್ಷ ವನವಾಸ, ಒಂದು ವರ್ಷ ಅಜ್ಞಾತವಾಸ. ಅನುದ್ಯೂತದ ಈ ಕಥೆ ಓದುವಾಗೆಲ್ಲ ನನಗೆ ಕೂಪನ್ನೇ ನೆನಪಾಗುತ್ತೆ. ಧೃತರಾಷ್ಟ್ರ ಏನನ್ನು ಮನಸ್ಸಿನಲ್ಲಿಟ್ಟುಕೊಂಡು ಕೊಟ್ಟನೋ, ದುರ್ಯೋಧನನ ಲೆಕ್ಕದಲ್ಲಂತೂ ಅದು ಆಟಗಾರ ಮತ್ತೆ ಮೇಜಿನ ಮುಂದೆ ಕೂರಲು ಬೇಕಾದ ಬಂಡವಾಳ.

ಪದಬಂಧ ಹೋದ ಜಾಗಕ್ಕೆ ಲಾಟರಿ ಬಂತು, ಅದೂ ಸರ್ಕಾರಗಳ ಕೈಯಲ್ಲೇ. ಕೇರಳ 1967ರಲ್ಲಿ ಶುರು ಮಾಡಿ 26 ಜನವರಿ 1968ಕ್ಕೆ ಮೊದಲ ಡ್ರಾ ಮಾಡಿತು. ಒಂದು ರೂಪಾಯಿ ಟಿಕೆಟ್, ಐವತ್ತು ಸಾವಿರ ಬಹುಮಾನ. ಆಮೇಲೆ ನಮ್ಮ ರಾಜ್ಯದ್ದೂ ಬಂತು, ಹೊರರಾಜ್ಯಗಳದ್ದೂ ನುಗ್ಗಿತು.

ಶಿಡ್ಲಘಟ್ಟದ ಲಾಟರಿ ಕಾಲ ನನಗೆ ಚೆನ್ನಾಗಿ ನೆನಪಿದೆ. ರೇಷ್ಮೆ ಸಾಕದವರಿಗೆ ಇಲ್ಲಿನ ದುಡ್ಡಿನ ಗತಿ ಹೇಳಬೇಕು. ಹುಳ ಮರಿಯಾದ ದಿನದಿಂದ ಸುಮಾರು ಇಪ್ಪತ್ತೈದು ದಿನ ಮನೆಯವರಿಗೆ ನಿದ್ದೆ ಇಲ್ಲ. ನಾಲ್ಕು ಜ್ವರ ದಾಟಬೇಕು (ಹುಳ ಪೊರೆ ಬಿಡುವುದಕ್ಕೆ ನಮ್ಮಲ್ಲಿ ಜ್ವರ ಅಂತೀವಿ), ಹಣ್ಣಾದ ಹುಳ ಆರಿಸಿ ಚಂದ್ರಿಕೆಗೆ ಬಿಡಬೇಕು, ಗೂಡು ಬಿಡಿಸಬೇಕು. ಅಷ್ಟೂ ದಿನ ಕೈಯಲ್ಲಿ ಕಾಸಿಲ್ಲ, ಸೊಪ್ಪಿಗೂ ಸಾಲ, ಮೊಟ್ಟೆಗೂ ಸಾಲ. ಒಂದು ಬೆಳಿಗ್ಗೆ ಗೂಡಿನ ಮಾರ್ಕೆಟ್ಟಿನಲ್ಲಿ ಹರಾಜು ಕೂಗುತ್ತಾರೆ, ಆಗ ಇಡೀ ತಿಂಗಳ ದುಡಿಮೆ ಒಟ್ಟಿಗೇ ನೋಟಿನ ಕಟ್ಟಾಗಿ ಜೇಬಿಗೆ. ಲಾಟರಿಯವನು ಮೇಜು ಹಾಕಲು ಇನ್ನೆಲ್ಲಿ ಹೋಗಬೇಕು ಹೇಳಿ?

ಅಲ್ಲೂ ಒಂದು ಕೂಪನ್ ಇತ್ತು, ಹೆಸರು ಬೇರೆ ಅಷ್ಟೇ. ಹತ್ತೋ ಇಪ್ಪತ್ತೋ ಬಹುಮಾನ ಬಂದರೆ ಮೇಜಿನವನು ದುಡ್ಡು ಎಣಿಸುತ್ತಿರಲಿಲ್ಲ, ಅಷ್ಟೇ ಬೆಲೆಯ ಹೊಸ ಟಿಕೆಟ್ ಹರಿದು ಕೊಡುತ್ತಿದ್ದ. ತಗೊಂಡವರು ಖುಷಿಯಾಗೇ ಹೋಗುತ್ತಿದ್ದರು. ಗೆದ್ದ ದುಡ್ಡು ಮೇಜು ಬಿಟ್ಟು ಅಲ್ಲಾಡಲೇ ಇಲ್ಲ ಅನ್ನುವುದು ಅವರಿಗೆ ಹೊಳೆದಂತೆ ಕಾಣಲಿಲ್ಲ. 1998ರ ಕೇಂದ್ರ ಕಾಯ್ದೆ ಒಂದಂಕಿ ಲಾಟರಿ ನಿಷೇಧಿಸಿತು, ಒಂದು ಲಾಟರಿಗೆ ವಾರಕ್ಕೆ ಒಂದೇ ಡ್ರಾ ಅಂತಲೂ ಹೇಳಿತು. ಹೊರರಾಜ್ಯದ ಲಾಟರಿ ತಡೆಯಬೇಕಾದರೆ ಮೊದಲು ನಿಮ್ಮದನ್ನು ನಿಲ್ಲಿಸಿ ಅಂತ 1999ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಕಡೆಗೆ 2007ರಲ್ಲಿ, ಎಚ್.ಡಿ. ಕುಮಾರಸ್ವಾಮಿ ಮುಖ್ಯಮಂತ್ರಿಯಾಗಿದ್ದಾಗ, ಕರ್ನಾಟಕದಲ್ಲಿ ಲಾಟರಿ ಪೂರ್ತಿ ನಿಂತಿತು. ಅದೇ ವರ್ಷ ನಾವು ಕೋಲಾರ ಜಿಲ್ಲೆಯಿಂದ ಚಿಕ್ಕಬಳ್ಳಾಪುರ ಜಿಲ್ಲೆಗೆ ಬಂದೆವು. ಸಾರಾಯಿಯೂ ಅದೇ ವರ್ಷ ಹೋಯಿತು. ಊರ ಹೆಂಗಸರಿಗೆ ಈ ಮೂರರಲ್ಲಿ ಯಾವುದು ದೊಡ್ಡ ಸುದ್ದಿ ಅಂತ ಕೇಳಿದರೆ ಜಿಲ್ಲೆ ಮೂರನೇ ಸ್ಥಾನಕ್ಕೆ ಹೋಗುತ್ತೆ.

ಇಲ್ಲಿ ಬಾಗಿಲು ಮುಚ್ಚುವ ಹೊತ್ತಿಗೆ ಗೋವಾದಲ್ಲಿ ತೆರೆದಿತ್ತು. ಅಲ್ಲಿನ 1976ರ ಜೂಜು ಕಾಯ್ದೆಗೆ 1992ರಲ್ಲಿ ತಿದ್ದುಪಡಿ ಆಗಿ ಪಂಚತಾರಾ ಹೋಟೆಲುಗಳಲ್ಲಿ ಯಂತ್ರದ ಜೂಜಿಗೆ ದಾರಿಯಾಯಿತು, 1996ರಲ್ಲಿ ಹಡಗುಗಳಲ್ಲಿ ಮೇಜಿನ ಜೂಜಿಗೆ. ಈಗ ಪಣಜಿಯ ಮಾಂಡವಿ ನದಿಯಲ್ಲಿ ರಾತ್ರಿಯಿಡೀ ದೀಪ. 1 ಫೆಬ್ರವರಿ 2020ರಿಂದ ಗೋವಾದವರೇ ಅಲ್ಲಿ ಆಡುವ ಹಾಗಿಲ್ಲ. ಅವರ ಸರ್ಕಾರವೇ ತಡೆದಿದೆ. ಹಾಗಾದರೆ ಆ ದೀಪಗಳೆಲ್ಲ ಯಾರಿಗಾಗಿ? ಹೊರಗಿನವರಿಗೆ, ಅಂದರೆ ನಮಗೆ.

ಕೂಪನ್ ಕೊಟ್ಟು ಜನ ಕರೆಸುವುದನ್ನು ಗೋವಾದವರು ಕಂಡುಹಿಡಿದದ್ದೇನಲ್ಲ. ಅಮೆರಿಕದ ಅಟ್ಲಾಂಟಿಕ್ ಸಿಟಿಯಲ್ಲಿ 1978ರಲ್ಲಿ ಕ್ಯಾಸಿನೋ ಶುರುವಾದ ಮೇಲೆ ಬಸ್ಸುಗಟ್ಟಲೆ ಪಿಂಚಣಿದಾರರನ್ನು ತಂದು, ಇಳಿದವರ ಕೈಗೆ ಚಿಲ್ಲರೆ ಕಾಸಿನ ಸುರುಳಿ ಕೊಟ್ಟು ಒಳಗೆ ಬಿಡುತ್ತಿದ್ದರು. ಗೋವಾದಲ್ಲಿ ಕಾಸಿನ ಬದಲು "ಓಟಿಪಿ" ಬಿಲ್ಲೆ. ಬ್ಯಾಂಕಿನ ಓಟಿಪಿ ಅಲ್ಲ ಮಾರಾಯ್ರೆ, ಒನ್ ಟೈಮ್ ಪ್ಲೇ! ಒಂದೇ ಸಲ ಆಡಬಹುದು. ಗೆದ್ದರೆ ಗೆಲುವು ನಿಮ್ಮದು, ಬಿಲ್ಲೆ ಅವರದ್ದು. ಸೋತರೂ ಬಿಲ್ಲೆ ಅವರದ್ದು. ಕೌಂಟರಿನಲ್ಲಿ ಕೊಟ್ಟು ದುಡ್ಡು ಕೇಳಿದರೆ ಬರುವುದಿಲ್ಲ.

ಕಳೆದ ಸಲ ಊರಿಗೆ ಹೋದಾಗ ಒಬ್ಬ ರೇಷ್ಮೆ ಬೆಳೆಗಾರ ಸಿಕ್ಕಿದ. ನಮ್ಮ ಕಡೆ ಕನ್ನಡ ತೆಲುಗು ಕಲೆಸಿಯೇ ಮಾತು. "ಊರಿಕೇ ಇಸ್ತಾರಂಟ ಅಣ್ಣಾ, ಎಂದುಕು ಒದಲಾಲ?" ಅಂದ. ಸುಮ್ಮನೇ ಕೊಡ್ತಾರಂತೆ, ಯಾಕೆ ಬಿಡಬೇಕು ಅಂತ. ಗೂಡಿಗೆ ಒಳ್ಳೆ ರೇಟು ಸಿಕ್ಕಿತ್ತು, ನಾಲ್ಕು ಜನ ಸೇರಿ ಹೊರಟಿದ್ದರು. ಹೋಗಬೇಡ ಅಂದರೆ ಕೇಳುವವನಲ್ಲ. ಸರಿ, ಕೂಪನ್ನಿಂದ ಎಷ್ಟು ಹೆಚ್ಚು ಹಿಂಡಬಹುದು ನೋಡೋಣ ಬಾ ಅಂತ ಹಿಟ್ಟಿನ ಗಿರಣಿ ಕಟ್ಟೆ ಮೇಲೆ ಲೆಕ್ಕ ಹಾಕಿದೆವು. ನಿಮಗೂ ಹೇಳ್ತೀನಿ.

ಒಂದೇ ಸೊನ್ನೆ ಇರುವ ರೂಲೆಟ್ ಚಕ್ರದಲ್ಲಿ 37 ಮನೆ. ಸಾವಿರ ರೂಪಾಯಿ ಓಟಿಪಿಯನ್ನು ಕೆಂಪಿನ ಮೇಲೆ ಇಟ್ಟರೆ ಗೆಲ್ಲುವ ಮನೆ 18, ಗೆದ್ದರೆ ಸಾವಿರ. ಹಾಗಾಗಿ ಕೂಪನ್ನಿನ ಸರಾಸರಿ ಬೆಲೆ 486 ರೂಪಾಯಿ. ಮೇಲೆ ಸಾವಿರ ಅಂತ ಅಚ್ಚಾಗಿದ್ದರೂ ಅರ್ಧಕ್ಕಿಂತ ಕಮ್ಮಿ. ಅದೇ ಬಿಲ್ಲೆಯನ್ನು ಒಂದೇ ನಂಬರಿನ ಮೇಲೆ ಇಟ್ಟರೆ? 37ರಲ್ಲಿ ಒಂದು ಅವಕಾಶ, ಗೆದ್ದರೆ 35,000. ಸರಾಸರಿ 946! ವಿಚಿತ್ರ ಅಲ್ವಾ? ಸ್ವಂತ ದುಡ್ಡಾದರೆ ಎಲ್ಲಿಟ್ಟರೂ ನಷ್ಟದ ಪ್ರಮಾಣ ಒಂದೇ. ಓಟಿಪಿಯಲ್ಲಿ ಹಾಗಲ್ಲ, ಯಾಕೆಂದರೆ ಗೆದ್ದಾಗ ಬಿಲ್ಲೆ ಕಿತ್ತುಕೊಳ್ಳುತ್ತಾರೆ. ಕೆಂಪಿನಲ್ಲಿ ಅರ್ಧಕ್ಕರ್ಧ ಸಲ ಗೆದ್ದು ಪ್ರತಿಸಲವೂ ಬಿಲ್ಲೆ ಕಳೆದುಕೊಳ್ಳುತ್ತೀರಿ. ಒಂದೇ ನಂಬರಿನಲ್ಲಿ ಗೆಲ್ಲುವುದೇ ಅಪರೂಪ, ಆ ಕಡಿತವೂ ಅಪರೂಪ. ಇದು ಗೊತ್ತಿದ್ದೇ ಎಷ್ಟೋ ಕಡೆ ಓಟಿಪಿಯನ್ನು ಕೆಂಪು-ಕಪ್ಪಿನಂಥ ಸಮ ಬಾಜಿಗೆ ಮಾತ್ರ ಇಡಬೇಕು ಅಂತ ನಿಯಮ ಮಾಡಿರುತ್ತಾರೆ. ಮೊದಲು ಅದನ್ನು ಕೇಳಬೇಕು. 10,000 ದಾಟಿದ ಗೆಲುವಿಗೆ ಶೇ. 30 ತೆರಿಗೆ ಅಲ್ಲೇ ಹಿಡಿಯುತ್ತಾರೆ ಅನ್ನುವುದೂ ನೆನಪಿರಲಿ. ಅದನ್ನು ಕಳೆದರೆ 946 ಹೋಗಿ 662 ಆಗುತ್ತೆ.

"ಇಬ್ಬರು ಹೋಗಿ ಒಬ್ಬ ಕೆಂಪು, ಒಬ್ಬ ಕಪ್ಪು ಇಟ್ಟರೆ?" ಅಂದ. ಜಾಣ. ಸೊನ್ನೆ ಬೀಳದಿದ್ದರೆ ಒಬ್ಬನಿಗೆ ಸಾವಿರ ಖಾತ್ರಿ. ಆದರೆ ಎರಡು ಸಾವಿರದ ಎರಡು ಕೂಪನ್ನಿಗೆ ಒಂದು ಸಾವಿರ, ಹಂಚಿಕೊಂಡರೆ ತಲಾ ಐನೂರು. ಅದೇ ಅರ್ಧ ಬೆಲೆ, ಎದೆ ಹೊಡೆದುಕೊಳ್ಳುವುದು ಮಾತ್ರ ಕಮ್ಮಿ. ಮೇಜಿನವರು ನೋಡಿದರೆ ಬಿಡುವುದೂ ಇಲ್ಲ.

ಇಷ್ಟು ಹೇಳಿ ಮುಖ್ಯ ಲೆಕ್ಕ ಬಿಡಿಸಿದೆ. ಕೂಪನ್ ಮುಗಿದ ಮೇಲೆ ಯಾರೂ ಎದ್ದು ಬರುವುದಿಲ್ಲ. ಸ್ವಂತ ದುಡ್ಡಿನ ಸಾವಿರ ರೂಪಾಯಿ ಬಾಜಿ ಒಂದೊಂದಕ್ಕೂ ಸರಾಸರಿ 27 ರೂಪಾಯಿ ಮನೆಯವರಿಗೆ. 946ನ್ನು 27ರಿಂದ ಭಾಗಿಸಿ: 35. ಅಂದರೆ ಮೂವತ್ತೈದು ಸುತ್ತು ಚಕ್ರ ತಿರುಗುವಷ್ಟರಲ್ಲಿ ಕೂಪನ್ನಿನ ಅತಿ ಹೆಚ್ಚಿನ ಬೆಲೆಯೂ ತೀರಿತು. ಅರ್ಧ ಬೆಲೆಯವರದ್ದು ಹದಿನೆಂಟೇ ಸುತ್ತಿಗೆ. ಒಂದು ಗಂಟೆ ಸಾಕು. ಹಡಗು ಬೆಳಗಿನವರೆಗೂ ತೆರೆದಿರುತ್ತೆ. ಮೇಲಿಂದ ಸರ್ಕಾರದ ಪಾಲು ಬೇರೆ. 1 ಅಕ್ಟೋಬರ್ 2023ರಿಂದ ಬಿಲ್ಲೆ ಕೊಳ್ಳಲು ಕೊಟ್ಟ ಪೂರ್ತಿ ಹಣದ ಮೇಲೆ ಶೇ. 28 ಜಿಎಸ್‌ಟಿ ಬಂತು, 22 ಸೆಪ್ಟೆಂಬರ್ 2025ರಿಂದ ಅದು ಶೇ. 40. ತೆರಿಗೆ ಸೇರಿ ಸಾವಿರ ರೂಪಾಯಿ ಕೊಟ್ಟಿದ್ದರೆ ಅದರಲ್ಲಿ 286 ಚಕ್ರ ತಿರುಗುವ ಮೊದಲೇ ಹೋಯಿತು.

"ಅಂಗಾದ್ರೆ ಊಟ?" ಅಂದ. ಊಟಕ್ಕೆ ಬೆಲೆ ಇದೆಯಪ್ಪ, ಟಿಕೆಟ್ಟಿನಲ್ಲಿ ಮೋಸವಿಲ್ಲದ್ದು ಅದೊಂದೇ ಅಂದೆ. ನಾಲ್ವರೂ ಹೋಗಿ ಬಂದರು. ಇವನು ಕೂಪನ್ನನ್ನು ತನ್ನ ಗೂಡಿನ ಲಾಟ್ ನಂಬರಿನ ಮೇಲೆ ಇಟ್ಟನಂತೆ, ಬೀಳಲಿಲ್ಲ, ಮೀನು ತಿಂದು ಎದ್ದನಂತೆ. ಉಳಿದ ಮೂವರಲ್ಲಿ ಒಬ್ಬರ ವಿಷಯ ಕೇಳಬೇಡಿ ಅಂದ. ಆ ಮನೆಯಲ್ಲಿ ಮುಂದಿನ ಬೆಳೆಗೆ ಮೊಟ್ಟೆ ತರಲು ಹೆಂಡತಿಯ ಓಲೆ ಅಡವಿಗೆ ಹೋಗಿತ್ತು.

ಮೊಬೈಲಿನ ರಮ್ಮಿ ಕಥೆ ಚುಟುಕಾಗಿ ಹೇಳಿಬಿಡ್ತೀನಿ, ನಿಮಗೆಲ್ಲ ಗೊತ್ತಿರುವುದೇ. ಸೇರಿದ ಕೂಡಲೇ ಬೋನಸ್. ಆದರೆ ಆಡಿದಷ್ಟೂ ಸ್ವಲ್ಪ ಸ್ವಲ್ಪ ಬಿಡುಗಡೆ. ಸಾವಿರದ ಬೋನಸ್ ಪೂರ್ತಿ ಬಿಡಿಸಲು ಹತ್ತು ಸಾವಿರದಷ್ಟು ಆಡಬೇಕು, ಪ್ರತಿ ಆಟಕ್ಕೆ ಶೇ. 10 ಕಮಿಷನ್ ಅಂದುಕೊಳ್ಳಿ. ಕಮಿಷನ್ನೇ ಸಾವಿರ! ಕೊಟ್ಟದ್ದನ್ನು ಕೊಟ್ಟಷ್ಟೇ ವಾಪಸ್ ತಗೊಂಡರು. ಕರ್ನಾಟಕ 2021ರಲ್ಲಿ ಕಾನೂನು ತಂದು ನಿಷೇಧಿಸಿತು, 14 ಫೆಬ್ರವರಿ 2022ರಂದು ಹೈಕೋರ್ಟ್ ಆ ತಿದ್ದುಪಡಿಯ ಮುಖ್ಯ ಭಾಗಗಳನ್ನು ಹೊಡೆದುಹಾಕಿತು. ಜಾಣತನದ ಆಟವೋ ಅದೃಷ್ಟದ ಆಟವೋ ಅನ್ನುವ, 1957ರ ಆ ಪದಬಂಧದ ಪ್ರಶ್ನೆಯೇ ಮತ್ತೆ ಎದ್ದು ಕೂತಿತ್ತು. ಕೇಂದ್ರದ ಆನ್‌ಲೈನ್ ಗೇಮಿಂಗ್ ಕಾಯ್ದೆಗೆ 22 ಆಗಸ್ಟ್ 2025ರಂದು ರಾಷ್ಟ್ರಪತಿಗಳ ಅಂಕಿತ ಬಿತ್ತು. ಅದರಲ್ಲಿ ಜಾಣತನ, ಅದೃಷ್ಟ ಅಂತ ಭೇದವೇ ಇಲ್ಲ, ಹಣ ಕಟ್ಟಿ ಆಡುವುದೆಲ್ಲ ನಿಷಿದ್ಧ. ದೊಡ್ಡ ಕಂಪನಿಗಳು ಹಣದ ಆಟ ನಿಲ್ಲಿಸಿದವು.

ಆಗ ನಮ್ಮೂರ ಹುಡುಗನೊಬ್ಬ ತನ್ನ ಮೊಬೈಲ್ ತಂದು ತೋರಿಸಿದ. ಆಪಿನಲ್ಲಿ ಎರಡು ಸಾಲು. ಅವನೇ ಕಟ್ಟಿದ ಹಣದಲ್ಲಿ ಉಳಿದದ್ದು 340 ರೂಪಾಯಿ, ಬೋನಸ್ 1,850. ಮೊದಲನೆಯದು ಎರಡು ದಿನದಲ್ಲಿ ಬ್ಯಾಂಕಿಗೆ ಬಂತು. ಎರಡನೆಯದರ ಪಕ್ಕದಲ್ಲಿ ಹಣ ತೆಗೆಯುವ ಗುಂಡಿಯೇ ಇರಲಿಲ್ಲ.