ಈ ಪಿಂಕ್ ಗುಲಾಬಿ ಯಾರದ್ದು?

ಹೋದ ತಿಂಗಳು ಕೇಳುಗರೊಬ್ಬರು ಒಂದು ಸ್ಕ್ರೀನ್‌ಶಾಟ್ ಕಳಿಸಿದ್ದರು. ಆನ್‌ಲೈನ್‌ನಲ್ಲಿ ಯಾರೋ "ಪಿಂಕ್ ಇಂಗ್ಲಿಷ್ ರೋಸ್" ಬೀಜದ ಪ್ಯಾಕೆಟ್ ಮಾರುತ್ತಿದ್ದಾರೆ. ಪಕ್ಕದಲ್ಲೊಂದು ಫೋಟೊ. ಎಲೆಕೋಸು ಬಿಚ್ಚಿಕೊಂಡ ಹಾಗೆ ಒತ್ತೊತ್ತಾಗಿ ಎಸಳು ತುಂಬಿದ, ತಿಳಿ ಗುಲಾಬಿ ಬಣ್ಣದ ಹೂವು. ರೀಲ್ಸ್‌ನಲ್ಲಿ ನೀವೂ ನೋಡಿರ್ತೀರಿ. "ತರಿಸಿಕೊಳ್ಳಲಾ?" ಅಂತ ಅವರ ಪ್ರಶ್ನೆ.

ಬೇಡ. ಆ ಬೀಜದಿಂದ ಆ ಹೂವು ಬರೋದಿಲ್ಲ. ಬರೋದಕ್ಕೆ ಸಾಧ್ಯವೇ ಇಲ್ಲ. ಯಾಕೆ ಅಂತ ಹುಡುಕುತ್ತಾ ಹೋದರೆ ಇಂಗ್ಲೆಂಡಿನ ಒಬ್ಬ ರೈತನ ಮಗ, ಕಾರ್ಖಾನೆ ಮಕ್ಕಳಿಗೆ ಪಾಠ ಹೇಳುತ್ತಿದ್ದ ಒಬ್ಬ ಟೀಚರ್, ಹೆಸರೇ ಗೊತ್ತಿಲ್ಲದ ಚೀನಾದ ಮಾಲಿಗಳು ಸಿಗುತ್ತಾರೆ. ಇವತ್ತಿನ ಎಪಿಸೋಡ್ ಅವರೆಲ್ಲರದ್ದು.

ಮೊದಲು ಒಂದು ಸಣ್ಣ ತಮಾಷೆ. ನಾವು ಕನ್ನಡದಲ್ಲಿ ಪಿಂಕ್ ಬಣ್ಣಕ್ಕೆ ಹೂವಿನ ಹೆಸರನ್ನೇ ಇಟ್ಟುಬಿಟ್ಟಿದ್ದೇವೆ, ಗುಲಾಬಿ ಬಣ್ಣ ಅಂತ. ಹಾಗಾಗಿ "ಗುಲಾಬಿ ಬಣ್ಣದ ಗುಲಾಬಿ" ಅಂದರೆ ಹೇಳಿದ್ದನ್ನೇ ಹೇಳಿದ ಹಾಗೆ ಕೇಳಿಸುತ್ತೆ. ಈ ಪದ ಪರ್ಷಿಯನ್ ಮೂಲದ್ದು. ಗುಲ್ ಅಂದರೆ ಹೂವು, ಆಬ್ ಅಂದರೆ ನೀರು. ಅಂದರೆ ಗುಲಾಬ್ ಅನ್ನೋದು ಮೂಲದಲ್ಲಿ ಪನ್ನೀರಿನ ಹೆಸರು! ನಮ್ಮ ಮದುವೆ ಮನೆ ಬಾಗಿಲಲ್ಲಿ ಪನ್ನೀರುದಾನಿಯಿಂದ ಚಿಮುಕಿಸುತ್ತಾರಲ್ಲ, ಅದೇ. ಇಂಗ್ಲಿಷರ 'ಪಿಂಕ್' ಕೂಡ ಒಂದು ಹೂವಿನ ಹೆಸರೇ, ಆದರೆ ಅದು ಗುಲಾಬಿಯಲ್ಲ, ಡಯಾಂತಸ್ ಅನ್ನೋ ಬೇರೆ ಹೂವು.

ಸರಿ, ಕಥೆಗೆ ಬರೋಣ. 1793. ಲಂಡನ್ನಿನ ಹತ್ತಿರ ರಿಕ್‌ಮನ್ಸ್‌ವರ್ತ್ ಅನ್ನೋ ಊರಿನಲ್ಲಿ ಪಾರ್ಸನ್ಸ್ ಅನ್ನುವವರ ತೋಟದಲ್ಲಿ ಚೀನಾದಿಂದ ಬಂದ ಒಂದು ಗಿಡ ಹೂ ಬಿಟ್ಟಿತು. ತಿಳಿ ಗುಲಾಬಿ ಬಣ್ಣ, ಸಾಧಾರಣ ಗಾತ್ರ. ನೋಡೋಕೆ ಅಂಥ ವಿಶೇಷ ಏನೂ ಇಲ್ಲ. ಆದರೆ ಆ ಗಿಡ ಯುರೋಪಿನವರು ಅಷ್ಟಾಗಿ ಕಂಡಿರದ ಒಂದು ಕೆಲಸ ಮಾಡಿತು, ಬಿಡದೆ ಹೂ ಬಿಡುತ್ತಲೇ ಹೋಯಿತು. ಅಲ್ಲಿಯವರೆಗೆ ಯುರೋಪಿನ ಹೆಚ್ಚಿನ ಗುಲಾಬಿಗಳು ವರ್ಷಕ್ಕೊಂದೇ ಸಲ, ಬೇಸಿಗೆಯ ಶುರುವಿನಲ್ಲಿ ಕೆಲವು ವಾರ ಅರಳಿ ಮುಗಿಸುತ್ತಿದ್ದವು. ನಮ್ಮ ಮಾವಿನ ಸೀಸನ್ ಇದ್ದ ಹಾಗೆ ಅನ್ಕೊಳ್ಳಿ.

ಇಂಗ್ಲಿಷರು ಅದಕ್ಕೆ 'ಪಾರ್ಸನ್ಸ್ ಪಿಂಕ್ ಚೈನಾ' ಅಂತ ಹೆಸರಿಟ್ಟರು. ಈಗ 'ಓಲ್ಡ್ ಬ್ಲಶ್' ಅಂತಾರೆ. ಚೀನಾದಲ್ಲಿ ಅದಕ್ಕೆ ಮೊದಲೇ ಹೆಸರಿತ್ತು. ಯುಎ ಯುಎ ಫೆನ್, ಅಂದರೆ ತಿಂಗಳು ತಿಂಗಳೂ ಅರಳುವ ಪಿಂಕ್. ನೋಡಿ, ಎಷ್ಟೋ ತಲೆಮಾರು ಅದನ್ನು ಆರಿಸಿ, ಬೆಳೆಸಿ, ಉಳಿಸಿಕೊಂಡು ಬಂದವರು ಅಲ್ಲಿನ ಮಾಲಿಗಳು. ಹೆಸರು ಸಿಕ್ಕಿದ್ದು ಯಾರ ತೋಟದಲ್ಲಿ ಅರಳಿತೋ ಆ ಪಾರ್ಸನ್ಸ್‌ಗೆ. ನಾನು ಬಿ.ಕಾಂ ಓದಿದವನು, ಹೂವು ನೋಡಿದರೂ ಮೊದಲು ತಲೆಗೆ ಬರೋದು ಲೆಡ್ಜರ್. ಈ ಖಾತೆಯಲ್ಲಿ ಚೀನಾದ ಹೆಸರಿಗೆ ಜಮೆ ಆಗಿದ್ದು ಸೊನ್ನೆ.

ಆ ಗಿಡ ಯಾಕೆ ಬಿಡದೆ ಅರಳುತ್ತೆ ಅನ್ನೋದಕ್ಕೆ ಉತ್ತರ ಸಿಕ್ಕಿದ್ದು ನಮ್ಮ ಕಾಲದಲ್ಲಿ. ಗುಲಾಬಿಯೊಳಗೆ ಹೂ ಬಿಡುವುದನ್ನು ತಡೆದು ಹಿಡಿಯುವ ಒಂದು ಜೀನ್ ಇದೆ, ಒಂಥರಾ ಬ್ರೇಕ್. ಚೀನಾ ಗುಲಾಬಿಯಲ್ಲಿ ಆ ಜೀನ್ ಮಧ್ಯೆ ಬೇರೆ ಡಿಎನ್‌ಎ ತುಂಡೊಂದು ಬಂದು ಸೇರಿಕೊಂಡಿದೆ. ಬ್ರೇಕ್ ಫೇಲ್! ಹಾಗಾಗಿ ಹೂವೋ ಹೂವು. 2018ರಲ್ಲಿ ಗುಲಾಬಿಯ ಇಡೀ ಜೀನೋಮ್ ಓದಿದಾಗ ವಿಜ್ಞಾನಿಗಳು ಆರಿಸಿಕೊಂಡಿದ್ದೂ ಇದೇ ಓಲ್ಡ್ ಬ್ಲಶ್ ಅನ್ನೇ.

ಇದರಲ್ಲಿ ನಮಗೂ ಒಂದು ಕೊಂಡಿ ಇದೆ. ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪಕ್ಕೆ ಆಗ ಬೂರ್ಬೋನ್ ಅಂತ ಹೆಸರು. ಅಲ್ಲಿ ಬೇಲಿಗೆ ನೆಟ್ಟಿದ್ದ ಗುಲಾಬಿಗಳ ನಡುವೆ ಚೀನಾ ಗುಲಾಬಿಯೂ ಡಮಾಸ್ಕ್ ಗುಲಾಬಿಯೂ ತಾವಾಗಿಯೇ ಬೆರೆತು ಒಂದು ಹೊಸ ಪಿಂಕ್ ಗುಲಾಬಿ ಹುಟ್ಟಿತು. ಹತ್ತೊಂಬತ್ತನೇ ಶತಮಾನದ ಆರಂಭದಲ್ಲಿ ಫ್ರೆಂಚರು ಅದರ ಬೀಜವನ್ನು ಪ್ಯಾರಿಸ್‌ಗೆ ಕಳಿಸಿದರು. ಆ ದ್ವೀಪದ ಗಿಡದ ಹೆಸರು ರೋಸ್ ಎಡ್ವರ್ಡ್. ಇವತ್ತಿಗೂ ನಮ್ಮ ದೇಶದ ನರ್ಸರಿಗಳಲ್ಲಿ ಎಡ್ವರ್ಡ್ ಅಂದರೆ ಗೊತ್ತು. ಬೇರೆ ಗುಲಾಬಿಗಳ ಕಸಿ ಕಟ್ಟೋಕೆ ಬುಡದ ಗಿಡವಾಗಿ ಅದನ್ನು ಬಳಸುತ್ತಾರೆ.

ಚೀನಾದ ಈ ಗುಣ ಸಿಕ್ಕಿದ ಮೇಲೆ ಯುರೋಪಿನಲ್ಲಿ ತಳಿ ಮಾಡುವವರಿಗೆ ಹುಚ್ಚು ಹಿಡಿಯಿತು. 1867ರಲ್ಲಿ ಫ್ರಾನ್ಸಿನ ಗಿಯೋ ಅನ್ನುವವರ 'ಲಾ ಫ್ರಾನ್ಸ್' ಬಂತು. ಮೊದಲ ಹೈಬ್ರಿಡ್ ಟೀ ಗುಲಾಬಿ ಅಂತ ಅದನ್ನೇ ಕರೆಯೋದು. ಉದ್ದ ದಂಟು, ಚೂಪು ಮೊಗ್ಗು. ವ್ಯಾಲೆಂಟೈನ್ಸ್ ಡೇಗೆ ಸೆಲೊಫೇನ್ ಸುತ್ತಿ ಕೊಡ್ತೀರಲ್ಲ, ಅದರ ವಂಶ. 1945ರಲ್ಲಿ 'ಪೀಸ್', 1960ರಲ್ಲಿ ಕಣ್ಣು ಕೋರೈಸುವ ಕಿತ್ತಳೆ ಬಣ್ಣದ 'ಸೂಪರ್ ಸ್ಟಾರ್'. ಹಳೇ ಕಾಲದ ಗುಂಡಗಿನ, ಪರಿಮಳದ, ಪೊದೆಯಾಗಿ ಬೆಳೆಯುವ ಪಿಂಕ್ ಗುಲಾಬಿಗಳು ಅಜ್ಜಿ ಮನೆ ಟ್ರಂಕಿನ ಸೀರೆ ಥರ ಆಗಿಹೋದವು.

ಆ ಟ್ರಂಕು ತೆಗೆದವರು ಕಾನ್ಸ್‌ಟನ್ಸ್ ಸ್ಪ್ರೈ. ಈಕೆಯ ಬಗ್ಗೆಯೇ ಒಂದು ಪೂರ್ತಿ ಎಪಿಸೋಡ್ ಮಾಡಬಹುದು. 1886ರಲ್ಲಿ ಹುಟ್ಟಿದವರು. ಪೂರ್ವ ಲಂಡನ್ನಿನಲ್ಲಿ, ಓದು ಬಿಟ್ಟು ಕಾರ್ಖಾನೆಗೆ ಸೇರಿದ್ದ ಹದಿಹರೆಯದ ಮಕ್ಕಳ ಶಾಲೆಗೆ ಹೆಡ್ ಮಿಸ್ಟ್ರೆಸ್ ಆಗಿದ್ದರು. ನಲವತ್ತು ದಾಟಿದ ಮೇಲೆ ಆ ಕೆಲಸ ಬಿಟ್ಟು ಹೂವಿನ ಅಂಗಡಿ ತೆರೆದರು. ಬೇಲಿ ಬದಿಯ ಕಳೆ, ಅಡುಗೆ ಮನೆಯ ಸೊಪ್ಪು, ಎಲ್ಲವನ್ನೂ ಹೂದಾನಿಗೆ ಸೇರಿಸಿ ಶ್ರೀಮಂತರನ್ನು ಬೆರಗುಗೊಳಿಸಿದರು. 1953ರಲ್ಲಿ ರಾಣಿ ಎಲಿಜಬೆತ್ ಪಟ್ಟಾಭಿಷೇಕಕ್ಕೂ ಹೂವಿನ ಅಲಂಕಾರ ಇವರದ್ದೇ. ಅದೇ ದಿನದ ಊಟಕ್ಕೆ ಇವರೂ ಇವರ ಗೆಳತಿ ರೋಸ್‌ಮರಿ ಹ್ಯೂಮ್ ಕೂಡ ಸೇರಿ ಕೊಟ್ಟ 'ಕಾರೊನೇಷನ್ ಚಿಕನ್'ಗೆ ಕರಿ ಪೌಡರ್ ಬಿದ್ದಿತ್ತು ಅನ್ನೋದು ನಮಗೆ ಬೋನಸ್ ಮಾಹಿತಿ. ಈ ಸ್ಪ್ರೈ ಯಾರಿಗೂ ಬೇಡವಾಗಿದ್ದ ಹಳೆಯ ಗುಲಾಬಿಗಳನ್ನು ಹುಡುಕಿ ಹುಡುಕಿ ತೋಟದಲ್ಲಿ ಕೂಡಿಟ್ಟಿದ್ದರು.

ಇತ್ತ ಶ್ರಾಪ್‌ಷೈರ್‌ನ ಆಲ್‌ಬ್ರೈಟನ್ ಅನ್ನೋ ಹಳ್ಳಿಯಲ್ಲಿ ಡೇವಿಡ್ ಆಸ್ಟಿನ್ ಅಂತ ಒಬ್ಬ. 1926ರಲ್ಲಿ ಹುಟ್ಟಿದ್ದು, ರೈತನ ಮಗ, ತಾನೂ ಹೊಲ ನೋಡಿಕೊಳ್ಳುವವನು. ಬಾಟನಿ ಡಿಗ್ರಿ ಇಲ್ಲ. ತಂಗಿಯೋ ಅಕ್ಕನೋ ಹುಟ್ಟುಹಬ್ಬಕ್ಕೆ ಕೊಟ್ಟ ಹಳೆಯ ಗುಲಾಬಿಗಳ ಮೇಲಿನ ಒಂದು ಪುಸ್ತಕ ಓದಿ ತಲೆಕೆಡಿಸಿಕೊಂಡ. (ಇಂಗ್ಲಿಷಿನಲ್ಲಿ ಎರಡಕ್ಕೂ ಸಿಸ್ಟರ್ ಅಂತಲೇ ಹೇಳಿ ಮುಗಿಸ್ತಾರೆ, ಏನು ಮಾಡೋದು!) ಅವನ ಯೋಚನೆ ಸರಳ. ಹಳೆಯದರ ರೂಪ, ಪರಿಮಳ ಇರಬೇಕು. ಹೊಸದರ ಹಾಗೆ ಮತ್ತೆ ಮತ್ತೆ ಹೂ ಬಿಡಬೇಕು.

ಅವನು 'ಬೆಲ್ ಐಸಿಸ್' ಅನ್ನೋ ಹಳೇ ಗ್ಯಾಲಿಕಾ ಗುಲಾಬಿಗೂ 'ಡೇಂಟಿ ಮೇಡ್' ಅನ್ನೋ ಹೊಸ ಫ್ಲೋರಿಬಂಡಾಗೂ ಪರಾಗಸ್ಪರ್ಶ ಮಾಡಿಸಿದ. ಅದರಿಂದ ಬಂದ ಬಟ್ಟಲಿನಂಥ ದೊಡ್ಡ ಪಿಂಕ್ ಹೂವು 1961ರಲ್ಲಿ ಹೊರಗೆ ಬಂತು. ಹೆಸರು 'ಕಾನ್ಸ್‌ಟನ್ಸ್ ಸ್ಪ್ರೈ'. ಆಕೆ ಅಷ್ಟರಲ್ಲಿ ತೀರಿಕೊಂಡಿದ್ದರು, 1960ರ ಜನವರಿಯಲ್ಲಿ. ಆ ಹೂವಿನ ವಾಸನೆಗೆ ಅವರು 'ಮರ್' ಅಂತಾರೆ. ನಮ್ಮ ಮೂಗಿಗೆ ಹೇಳಬೇಕಂದರೆ ಸೋಂಪು ಕಾಳಿನ ಹತ್ತಿರದ್ದು.

ಆದರೆ ಗಿಡ ಹೂ ಬಿಟ್ಟಿದ್ದು ವರ್ಷಕ್ಕೊಂದೇ ಸಲ! ಆ ಬ್ರೇಕ್ ಜೀನ್ ನೆನಪಿದೆಯಲ್ಲ? ಅದರ ಹಳೆಯ, ಸರಿ ಇರುವ ಪ್ರತಿ ಒಂದೇ ಒಂದು ಉಳಿದಿದ್ದರೂ ಸಾಕು, ಬ್ರೇಕ್ ಹಿಡಿಯುತ್ತೆ. ಮೊದಲ ತಲೆಮಾರಿನಲ್ಲಿ ಅದು ಉಳಿದೇ ಉಳಿಯುತ್ತೆ. ಆದ್ದರಿಂದ ಆಸ್ಟಿನ್ ಆ ಗಿಡವನ್ನು ಮತ್ತೆ ಮತ್ತೆ ಅರಳುವ ಗುಲಾಬಿಗಳ ಜೊತೆ ಇನ್ನೊಮ್ಮೆ, ಮತ್ತೊಮ್ಮೆ ಬೆರೆಸಬೇಕಾಯಿತು. ಒಂದೊಂದು ಸುತ್ತಿಗೂ ವರ್ಷಗಟ್ಟಲೆ ಸಮಯ. 1961ರಲ್ಲಿ ಮೊದಲ ಹೂವು, ಮತ್ತೆ ಮತ್ತೆ ಅರಳುವ ಮೊದಲ ಗುಂಪು ಬಂದಿದ್ದು 1969ರಲ್ಲಿ. ಮಾರುವವರು ಆಸಕ್ತಿ ತೋರಿಸಲಿಲ್ಲ, ಅದೇ ವರ್ಷ ಆತ ತನ್ನದೇ ನರ್ಸರಿ ಶುರುಮಾಡಿದ.

ಆ 1969ರ ಗಿಡಗಳು ಅಂಥ ಗಟ್ಟಿಯಾಗಿರಲಿಲ್ಲ. ಸೊರಗುತ್ತಿದ್ದವು, ರೋಗ ಬೇಗ ಹಿಡಿಯುತ್ತಿತ್ತು. ಜನ ನಿಜಕ್ಕೂ ತಿರುಗಿ ನೋಡಿದ್ದು 1983ರ ಚೆಲ್ಸಿ ಫ್ಲವರ್ ಶೋನಲ್ಲಿ. ಹಳದಿ 'ಗ್ರಹಾಂ ಥಾಮಸ್' ಎಲ್ಲರ ಬಾಯಲ್ಲಿತ್ತು. ನನ್ನ ಕೇಳಿದರೆ ಅವತ್ತಿನ ನಿಜವಾದ ಹೀರೋಯಿನ್ ಪಕ್ಕದಲ್ಲಿದ್ದ ಪಿಂಕ್ 'ಮೇರಿ ರೋಸ್'. ಅದು ಹಡಗಿನ ಹೆಸರು. ಎಂಟನೇ ಹೆನ್ರಿಯ ಯುದ್ಧನೌಕೆ, 1545ರಲ್ಲಿ ಮುಳುಗಿದ್ದನ್ನು 1982ರಲ್ಲಿ ಸಮುದ್ರದಿಂದ ಎತ್ತಿದ್ದರು, ದೇಶವೆಲ್ಲ ಟಿವಿಯಲ್ಲಿ ನೋಡಿತ್ತು. ಮುಂದಿನ ವರ್ಷವೇ ಅದೇ ಹೆಸರಿನ ಗುಲಾಬಿ ಮಾರುಕಟ್ಟೆಗೆ! ಇದನ್ನು ನಾವು ಮಾರ್ಕೆಟಿಂಗ್ ಅಂತೀವಿ. ಚಾಸರ್‌ನ ಪಾತ್ರಗಳು, ಹಡಗು, ಹೆಸರಾಂತ ತೋಟಗಾರ್ತಿಯರು, ಹೀಗೆ ಆಸ್ಟಿನ್ ಗಿಡದ ಜೊತೆ ಇಂಗ್ಲೆಂಡಿನ ನೆನಪನ್ನೂ ಪ್ಯಾಕ್ ಮಾಡಿ ಮಾರಿದ. ಮತ್ತೆ ಮತ್ತೆ ಅರಳುವ ಗುಣ ಚೀನಾದ್ದು, ಹೆಸರು ಮಾತ್ರ 'ಇಂಗ್ಲಿಷ್ ರೋಸ್'. ಇದು ನನಗೆ ಸ್ವಲ್ಪ ಚುಚ್ಚುತ್ತೆ, ಆದರೆ ಆತನ ಶ್ರಮವನ್ನು ಅಲ್ಲಗಳೆಯೋಕೆ ಆಗಲ್ಲ. 1986ರ ಕಡು ಪಿಂಕ್ 'ಗರ್ಟ್ರೂಡ್ ಜೀಕಿಲ್' ಪರಿಮಳದಲ್ಲಿ ಹಳೆಯ ಗುಲಾಬಿಗಳಿಗೆ ಸರಿಸಮ ಅಂತ ಹೆಸರು ಮಾಡಿತು. ಆಸ್ಟಿನ್ ತೀರಿಕೊಂಡಿದ್ದು 2018ರ ಡಿಸೆಂಬರ್‌ನಲ್ಲಿ, 92ನೇ ವಯಸ್ಸಿನಲ್ಲಿ.

ಈಗ ದುಡ್ಡಿನ ವಿಷಯ. ಗುಲಾಬಿಯ ಒಂದೊಂದು ಬೀಜವೂ ಬೇರೆ ಬೇರೆ. ಒಂದೇ ತಾಯಿಯ ನೂರು ಬೀಜ ಬಿತ್ತಿದರೆ ನೂರು ಥರದ ಗಿಡ, ಮನೆಯಲ್ಲಿ ಅಣ್ಣತಮ್ಮಂದಿರು ಇದ್ದ ಹಾಗೆ. ಅದಕ್ಕೇ ಆ ನರ್ಸರಿಯಲ್ಲಿ ವರ್ಷಕ್ಕೆ ಲಕ್ಷಗಟ್ಟಲೆ ಸಸಿ ಬೆಳೆಸಿ, ವರ್ಷಾನುಗಟ್ಟಲೆ ಸೋಸಿ, ಕೊನೆಗೆ ಉಳಿಸಿಕೊಳ್ಳೋದು ಬೆರಳೆಣಿಕೆಯಷ್ಟು. ಒಮ್ಮೆ ಒಳ್ಳೇದು ಸಿಕ್ಕಿದ ಮೇಲೆ ಅದನ್ನು ಹೆಚ್ಚಿಸೋದು ಕಣ್ಣು ಕಸಿಯಿಂದ, ಬೀಜದಿಂದಲ್ಲ. ಅಂದರೆ ಮೊದಲ ಗಿಡ ಮಾಡೋಕೆ ಅಪಾರ ಖರ್ಚು, ಕಾಪಿ ಮಾಡೋಕೆ ಒಂದು ಚಾಕು, ಒಂದು ಟೇಪು ಸಾಕು. ಸಿನಿಮಾ ಪೈರಸಿ ಥರಾನೇ.

ಅಮೆರಿಕದಲ್ಲಿ 1930ರಲ್ಲೇ ಗಿಡಕ್ಕೂ ಪೇಟೆಂಟ್ ಕೊಡುವ ಕಾನೂನು ಬಂತು. 1931ರಲ್ಲಿ ಕೊಟ್ಟ ಸಸ್ಯ ಪೇಟೆಂಟ್ ನಂಬರ್ ಒನ್ ಯಾವುದಕ್ಕೆ ಗೊತ್ತಾ? 'ನ್ಯೂ ಡಾನ್' ಅನ್ನೋ ಬಳ್ಳಿ ಗುಲಾಬಿಗೆ. ಅದೂ ತಿಳಿ ಪಿಂಕ್! ಬ್ರಿಟನ್‌ನಲ್ಲಿ ತಳಿ ಮಾಡಿದವರಿಗೆ ಹಕ್ಕು ಕೊಟ್ಟಿದ್ದು 1964ರ ಕಾಯ್ದೆ. 'ಕಾನ್ಸ್‌ಟನ್ಸ್ ಸ್ಪ್ರೈ' ಬಂದು ಮೂರು ವರ್ಷ ಆದ ಮೇಲೆ. 1983ರ ಹೊತ್ತಿಗೆ ಆಟದ ನಿಯಮವೇ ಬೇರೆ. ನಮ್ಮಲ್ಲಿ 2001ರಲ್ಲಿ ಕಾಯ್ದೆ ಬಂತು, ಅದರಲ್ಲಿ ತಳಿ ಮಾಡಿದವರ ಜೊತೆಗೆ ರೈತರ ಹಕ್ಕನ್ನೂ ಸೇರಿಸಿದ್ದಾರೆ. ಯುಎ ಯುಎ ಫೆನ್ ಬೆಳೆಸಿದವರಿಗೆ ಇವು ಯಾವುವೂ ಇರಲಿಲ್ಲ.

ಹಾಗಾದರೆ ನಮ್ಮ ಟೆರೇಸ್ ಮೇಲೆ ಬೆಳೆಸಬಹುದಾ? ಬೆಳೆಸಬಹುದು, ಆದರೆ ಫೋಟೊ ನೋಡಿ ಆಸೆ ಪಡಬೇಡಿ. ಇವು ಚಳಿ ದೇಶದಲ್ಲಿ ಆರಿಸಿದ ಗಿಡಗಳು. ಅಲ್ಲಿ ಚಳಿಗಾಲದಲ್ಲಿ ಎಲೆ ಉದುರಿಸಿ ಮಲಗುತ್ತವೆ, ನಮ್ಮಲ್ಲಿ ಆ ನಿದ್ದೆ ಸಿಗೋದಿಲ್ಲ. ಬಿಸಿಲು ಜಾಸ್ತಿಯಾದರೆ ಹೂವು ಚಿಕ್ಕದಾಗಿ, ಬಣ್ಣ ಬೇಗ ಮಾಸುತ್ತೆ. ಬೆಂಗಳೂರು, ಮಡಿಕೇರಿ, ಚಿಕ್ಕಮಗಳೂರು ಕಡೆ ಪರವಾಗಿಲ್ಲ. ಕಲಬುರಗಿಯ ಏಪ್ರಿಲ್ ಬಿಸಿಲಿಗೆ ಇಡಬೇಡಿ ಪ್ಲೀಸ್. ದೊಡ್ಡ ಕುಂಡ ತಗೊಳ್ಳಿ, ಬೆಳಗಿನ ಬಿಸಿಲು ಬೀಳಲಿ, ಮಧ್ಯಾಹ್ನ ನೆರಳಿರಲಿ. ನೀರು ಬುಡಕ್ಕೆ ಹಾಕಿ, ಎಲೆ ಒದ್ದೆಯಾಗಿಯೇ ಇದ್ದರೆ ಕಪ್ಪು ಚುಕ್ಕೆ ರೋಗ ಬರುತ್ತೆ. ಬಾಡಿದ ಹೂವನ್ನು ಆಗಾಗ ಕತ್ತರಿಸಿದರೆ ಮುಂದಿನ ಮೊಗ್ಗು ಬೇಗ ಬರುತ್ತೆ. ಕಸಿ ಗಂಟಿನ ಕೆಳಗಿಂದ ಚಿಗುರು ಬಂದರೆ ಅದು ಬುಡದ ಗಿಡದ್ದು, ಕಿತ್ತುಹಾಕಿ. ಬಿಟ್ಟರೆ ಇಡೀ ಕುಂಡ ಅದರದ್ದೇ ಆಗುತ್ತೆ.

ಇದೆಲ್ಲ ರಗಳೆ ಅನಿಸಿದರೆ ನರ್ಸರಿಯಲ್ಲಿ ಪನ್ನೀರು ಗುಲಾಬಿ ಕೇಳಿ. ಅದೂ ಪಿಂಕ್, ಅದಕ್ಕೂ ಮೈತುಂಬ ಪರಿಮಳ, ನಮ್ಮ ಬಿಸಿಲು ಅದಕ್ಕೆ ಹೊಸದಲ್ಲ.

ಇನ್ನೊಂದು ವಿಷಯ ಹೇಳಲೇಬೇಕು. ಮೇರಿ ರೋಸ್ ಗಿಡದ ಟೊಂಗೆಯೊಂದು ಒಂದು ದಿನ ತಾನಾಗಿಯೇ ಬಿಳಿ ಹೂ ಬಿಟ್ಟಿತು. ಆ ಟೊಂಗೆಯಿಂದ ಕಸಿ ಮಾಡಿ 1988ರಲ್ಲಿ 'ವಿಂಚೆಸ್ಟರ್ ಕೆಥೀಡ್ರಲ್' ಅಂತ ಬೇರೆ ಹೆಸರಲ್ಲೇ ಮಾರಿದರು. ಅದನ್ನು ಬೆಳೆಸುವವರಿಗೆ ಗೊತ್ತು, ಯಾವಾಗಲೋ ಒಮ್ಮೆ ಆ ಬಿಳಿ ಗಿಡದಲ್ಲಿ ಒಂದು ಹೂವಿನ ಅರ್ಧ ಎಸಳು ಬಿಳಿ, ಅರ್ಧ ಎಸಳು ಪಿಂಕ್ ಬಂದುಬಿಡುತ್ತೆ. ನಿಮ್ಮಲ್ಲಿ ಯಾರ ಹತ್ತಿರವಾದರೂ ಈ ಗಿಡ ಇದ್ದರೆ ಫೋಟೊ ಕಳಿಸಿ, ನಾನಿನ್ನೂ ಕಣ್ಣಾರೆ ನೋಡಿಲ್ಲ.